ಅಪ್ಪಾಜಿ ಇನ್ನೂ ಒಪ್ಪಿಲ್ಲ ಎಂದು ಬರೆದಿದ್ದರೆ ಸಾಕಿತ್ತು

ಮ್ಯಾಂಚೆಸ್ಟರ್
ಭಾನುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು. ಬಸು ಫೋಟೋ ತೆಗೆದು ಕಳಿಸಿದ ನಿನ್ನ ಪತ್ರ ಸಿಕ್ಕಿತು. ಮೂರು ಸಲ ಓದಿದೆ.

ಬುಧವಾರ ಬೆಳಿಗ್ಗೆ ಫೋನ್ ಮಾಡಿ ಯಾಕೆ ಹಾಗೆ ಅತ್ತೆ ಅಂತ ಕೇಳಿದ್ದೀಯ. ಹೇಳುತ್ತೇನೆ. ಆವತ್ತು ನನಗೆ ನೈಟ್ ಡ್ಯೂಟಿ, ಇಲ್ಲಿ ರಾತ್ರಿ ಎರಡು ಗಂಟೆ. ಬಸುವಿನ ಮೆಸೇಜ್ ಬಂತು: ‘ಅಪ್ಪಾಜಿ ಹ್ಯಾಸ್ ನಾಟ್ ಕಮ್ ರೌಂಡ್ ಯೆಟ್.’ ಅಷ್ಟೇ, ಮುಂದೆ ಒಂದಕ್ಷರ ಇಲ್ಲ. ಕುಂದವಾಡ ಕೆರೆ ಹತ್ತಿರ ವಾಕಿಂಗ್ ಹೋದಾಗ ಅಪ್ಪಾಜಿ ಚಕ್ಕರ್ ಬಂದು ಬಿದ್ದಿದ್ದು ಹಿಂದಿನ ದಿನವೇ ನನಗೆ ಗೊತ್ತಾಗಿತ್ತು. ನನ್ನ ವಾರ್ಡಿನಲ್ಲಿ ‘ಕಮ್ ರೌಂಡ್’ ಅಂದರೆ ಪ್ರಜ್ಞೆ ಬರುವುದು, ಬೇರೇನೂ ಅಲ್ಲ. ಅರಿವಳಿಕೆ ಕೊಟ್ಟವರನ್ನು ಥಿಯೇಟರಿನಿಂದ ತಂದು ನಮ್ಮ ಹತ್ತಿರ ಮಲಗಿಸುತ್ತಾರೆ. ಪಕ್ಕದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಿರಬೇಕು. ಡಾಕ್ಟರು ಬಂದು ಕೇಳುವುದು ಒಂದೇ ಮಾತು, ಕಮ್ ರೌಂಡ್ ಆದರಾ? ದಿನಕ್ಕೆ ಹತ್ತಾರು ಸಲ ಆ ಮಾತು ಕೇಳುವವಳು ನಾನು. ಬಸುವಿನ ಮೆಸೇಜ್ ನೋಡಿದಾಗ ಅಪ್ಪಾಜಿ ಹಿಂದಿನ ದಿನದಿಂದ ಎಚ್ಚರವೇ ಇಲ್ಲದೆ ಮಲಗಿದ್ದಾರೆ ಎಂದುಕೊಂಡೆ. ನೀನು ಫೋನ್ ಎತ್ತಿ ‘ಅವರು ದೋಸೆ ತಿಂತಾ ಕೂತಾರೆ’ ಅಂದಾಗ ಅಳು ತಡೆಯಲಿಕ್ಕೆ ಆಗಲಿಲ್ಲ.

ಬಸುವನ್ನು ಬೈಯಬೇಡ. ಅವನು ಬರೆದದ್ದು ತಪ್ಪಲ್ಲ, ಹುಡುಗರಿಗೆ ಇಂಗ್ಲಿಷ್ ಪಾಠ ಮಾಡುವವನು. ಹಟ ಬಿಟ್ಟು ಇನ್ನೊಬ್ಬರ ಮಾತಿಗೆ ಬಂದರೂ ‘ಕಮ್ ರೌಂಡ್’ ಆದರು ಅಂತಲೇ ಅನ್ನುತ್ತಾರೆ. ಅಪ್ಪಾಜಿ ಆಪರೇಶನ್ನಿಗೆ ಇನ್ನೂ ಒಪ್ಪಿಲ್ಲ ಎಂದು ಅವನು ಹೇಳಹೊರಟಿದ್ದ. ಈ ಊರಿನವರು ಈ ಎರಡು ಪದ ಇಟ್ಟುಕೊಂಡು ಏನೇನೋ ಮಾಡುತ್ತಾರವ್ವ. ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದ ‘ಕಮ್ ರೌಂಡ್ ಫಾರ್ ಎ ಬ್ರೂ’ ಅನ್ನುತ್ತಾರೆ. ಬ್ರೂ ಅಂದರೆ ಚಹಾ, ಮನೆಗೆ ಬಾ ಚಹಾ ಕುಡಿಯೋಣ ಅಂತ. ಒಂದು ರೌಂಡ್ ಹೊಡೆದು ಬರೋಣ ಅಂತಿದ್ದಾರೇನೋ ಎಂದು ಮೊದಲ ಸಲ ನಾನು ಕೋಟು ಹಾಕಿಕೊಂಡು ಹೋಗಿದ್ದೆ. ಅವರು ಒಳಗೆ ಕೂರಿಸಿ ಬಿಸ್ಕತ್ತು ಕೊಟ್ಟರು. ಒಳ್ಳೆಯವರು. ಹಬ್ಬ ಮರಳಿ ಬಂದರೂ ಅದೇ ಮಾತು. ನಮ್ಮ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಅದನ್ನೂ ಇವರು ‘ಕಮ್ಸ್ ರೌಂಡ್’ ಅಂತಾರೆ.

ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮಲ್ಲಿ ತಲೆ ಸುತ್ತು ಬಂತು ಅಂದರೆ ಮನುಷ್ಯ ಬೀಳುತ್ತಾನೆ. ಇವರಲ್ಲಿ ಸುತ್ತಿ ಬಂದ ಅಂದರೆ ಎದ್ದ ಅಂತ. ಅಪ್ಪಾಜಿಗೆ ನಮ್ಮ ಸುತ್ತು ಎರಡು ಸಲ ಬಂದಿದೆ, ಮನೆಯಲ್ಲೊಮ್ಮೆ, ಕೆರೆ ಹತ್ತಿರ ಒಮ್ಮೆ. ಎರಡು ಸಲವೂ ನಿಮಿಷದೊಳಗೆ ತಾವೇ ಎದ್ದರು, ಅದಕ್ಕೇ ‘ಏನೂ ಇಲ್ಲ, ಬಿಸಿಲು’ ಅಂತಾರೆ. ಬಿಸಿಲಲ್ಲವ್ವ. ಬಸು ಕಳಿಸಿದ ಇಸಿಜಿ ನಾನೂ ನೋಡಿದೆ, ನಾಡಿ ಮೂವತ್ತೆಂಟು. ಹೃದಯದ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಹೋಗಬೇಕಾದ ಕರೆಂಟು ನಡುವೆ ನಿಂತುಹೋಗುತ್ತಿದೆ. ಬಡಿತ ತಡವಾದರೆ ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಇದಕ್ಕೆ ಮಾತ್ರೆ ಸಾಲುವುದಿಲ್ಲ, ಬಡಿತ ತಪ್ಪದಂತೆ ನೋಡಿಕೊಳ್ಳುವ ಸಣ್ಣ ಮಷಿನ್, ಪೇಸ್‌ಮೇಕರ್, ಹಾಕಿಸಲೇಬೇಕು. ಡಾಕ್ಟರು ಹೇಳಿದ್ದು ಸರಿಯಾಗಿದೆ, ದುಡ್ಡಿಗಾಗಿ ಹೇಳಿದ್ದಲ್ಲ. ರತ್ನತ್ತೆಗೂ ಇದನ್ನೇ ಹೇಳು. ಕಷಾಯ ಕೊಡಲಿ, ಬೇಡ ಅನ್ನಲ್ಲ. ಆದರೆ ಕಷಾಯದಿಂದ ಈ ತೊಂದರೆ ಹೋಗುವುದಿಲ್ಲ.

ಎದೆ ಸೀಳುತ್ತಾರೆ, ಮತ್ತೆ ಎಚ್ಚರ ಆಗದಿದ್ದರೆ ಏನು ಗತಿ, ಇದೇ ಅಲ್ಲವಾ ಅಪ್ಪಾಜಿಯ ಭಯ? ಈ ಸಾಲು ಅವರಿಗೆ ಜೋರಾಗಿ ಓದಿ ಹೇಳು. ಎದೆ ಸೀಳುವುದಿಲ್ಲ ಅಪ್ಪಾಜಿ. ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಮುಂದಿನ ಎಲುಬಿನ ಕೆಳಗೆ ಚರ್ಮದಲ್ಲಿ ಸಣ್ಣ ಗೀರು ಹಾಕಿ, ರಕ್ತನಾಳದೊಳಗಿಂದ ತಂತಿ ಇಳಿಸಿ, ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲದ ಒಂದು ಡಬ್ಬಿ ಇಡುತ್ತಾರೆ. ಸಾಮಾನ್ಯವಾಗಿ ಒಂದು ತಾಸಿನ ಕೆಲಸ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಪೂರ್ತಿ ಅರಿವಳಿಕೆ ಬೇಕಾಗುವುದು ಅಪರೂಪ. ಎಚ್ಚರವೇ ತಪ್ಪಿಸುವುದಿಲ್ಲ ಅಂದಮೇಲೆ ಎಚ್ಚರ ಆಗುತ್ತದೋ ಇಲ್ಲವೋ ಅನ್ನುವ ಮಾತೇ ಬರುವುದಿಲ್ಲ.

ಮೈಯೊಳಗೆ ಪೇಸ್‌ಮೇಕರ್ ಅನ್ನು ಲೋಕದಲ್ಲೇ ಮೊದಲು ಹಾಕಿಸಿಕೊಂಡವರು ಸ್ವೀಡನ್ನಿನ ಆರ್ನೆ ಲಾರ್ಸನ್ ಎನ್ನುವವರು, 1958ರಲ್ಲಿ. ಆಗ ಅವರಿಗೆ 43 ವರ್ಷ. ಮೊದಲನೆಯ ಡಬ್ಬಿ ಒಂದು ದಿನವೂ ನಡೆಯಲಿಲ್ಲ. ಆದರೂ ಬಿಡದೆ ಒಂದಾದ ಮೇಲೊಂದು, ಇಪ್ಪತ್ತಕ್ಕೂ ಹೆಚ್ಚು ಡಬ್ಬಿ ಬದಲಾಯಿಸಿಕೊಂಡು 2001ರವರೆಗೆ, 86 ವರ್ಷ ಬದುಕಿದರು. ಹಾಕಿದ ಡಾಕ್ಟರು, ಮಾಡಿಕೊಟ್ಟ ಎಂಜಿನಿಯರು, ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡರು. ಈಗಿನ ಬ್ಯಾಟರಿ ಹತ್ತು ವರ್ಷದ ಸುಮಾರು ಬಾಳುತ್ತದೆ. ಅಪ್ಪಾಜಿ ಮಿಲ್ಲಿನಲ್ಲಿ ಎಷ್ಟು ಮೋಟಾರು ಬಿಚ್ಚಿ ಜೋಡಿಸಿದವರು! ಮಷಿನ್ ಅಂದರೆ ಅವರು ಹೆದರಬಾರದು.

ಮಿಲ್ಲು ಅಂದಾಗ ನೆನಪಾಯಿತು. ನಮ್ಮೂರು ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಅಪ್ಪಾಜಿ ಎದೆಯುಬ್ಬಿಸಿ ಹೇಳುತ್ತಿದ್ದರಲ್ಲ, ಇಲ್ಲಿಯ ಮಿಲ್ಲುಗಳೂ ನಿಂತುಹೋಗಿವೆ. ಆಂಕೋಟ್ಸ್ ಅನ್ನುವ ಕಡೆ ಕೆಂಪು ಇಟ್ಟಿಗೆಯ ಹಳೇ ಮಿಲ್ಲುಗಳನ್ನು ಮನೆಗಳಾಗಿ ಮಾಡಿದ್ದಾರೆ, ಮೇಲಿನ ಕಿಟಕಿಗಳಲ್ಲಿ ಹೂವಿನ ಕುಂಡ ಕಾಣುತ್ತವೆ. ಆ ದಾರಿಯಲ್ಲಿ ಹೋದಾಗೆಲ್ಲ ಅವರ ನೆನಪು. ಗುಣವಾದ ಮೇಲೆ ಕರೆಸಿ ತೋರಿಸುತ್ತೇನೆ.

ಇಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ದುಡ್ಡು ಕೇಳುವುದಿಲ್ಲ, 1948ರಿಂದ ಹಾಗೇ ನಡೆದಿದೆ. ಆದರೆ ತುರ್ತು ಅಲ್ಲದ ಕೆಲವಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ದಾವಣಗೆರೆಯಲ್ಲಿ ಈ ವಾರವೇ ಮಾಡುತ್ತೇವೆ ಎಂದಿದ್ದಾರೆ, ಅದನ್ನು ಬಿಡಬೇಡಿ. ದುಡ್ಡು ಶುಕ್ರವಾರವೇ ಬಸುವಿನ ಖಾತೆಗೆ ಹಾಕಿದ್ದೇನೆ. ನಿನ್ನ ಸರ ಅಡ ಇಡುವ ಮಾತು ಇನ್ನೊಮ್ಮೆ ಎತ್ತಬೇಡ. ಸೈಟು ಮಾರುವ ಮಾತೂ ಬೇಡ. ನನಗೇನೂ ಕಷ್ಟವಿಲ್ಲ, ಸಂಬಳ ಮಿಗುತ್ತದೆ, ಚೆನ್ನಾಗಿ ಊಟ ಮಾಡುತ್ತೇನೆ, ಚೆನ್ನಾಗಿ ನಿದ್ದೆ ಬರುತ್ತದೆ, ಚಳಿಯೂ ಅಷ್ಟೇನಿಲ್ಲ. ನೀನು ಕೊಟ್ಟ ಶೇಂಗಾ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ಹಾಕಿಸಿದ ಮೇಲೆ ಕೆಲವು ವಾರ ಆ ಕಡೆಯ ಕೈ ಹೆಗಲಿಗಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವ ಚಾಳಿ ಬಿಡಬೇಕು, ಡಬ್ಬಿಯಿಂದ ಒಂದು ಗೇಣು ದೂರ ಇರಲಿ. ಹಾಕಿಸುವವರೆಗೆ ಅಪ್ಪಾಜಿ ಒಬ್ಬರನ್ನೇ ಹೊರಗೆ ಬಿಡಬೇಡ. ಬಚ್ಚಲಿಗೆ ಹೋದರೂ ಚಿಲಕ ಹಾಕದಿರಲಿ. ಗಾಡಿಯ ಕೀಲಿ ನಿನ್ನ ಹತ್ತಿರ ಇಟ್ಟುಕೋ, ಸಿಟ್ಟು ಮಾಡಿದರೂ ಕೊಡಬೇಡ. ಸುಮಾ ಹೇಳಿದಳು ಅನ್ನು.

ಬಸ್ಸಿಗೆ ಹೊತ್ತಾಯಿತವ್ವ, ಡ್ಯೂಟಿಗೆ ಹೊರಟೆ. ಅತ್ತಿಗೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು. ಅಪ್ಪಾಜಿ ಹೂಂ ಅಂದ ಕೂಡಲೇ ಬಸು ನನಗೆ ಮೆಸೇಜ್ ಹಾಕಲಿ, ರಾತ್ರಿ ಎಷ್ಟು ಹೊತ್ತಾದರೂ ಸರಿ. ಕನ್ನಡದಲ್ಲಿ ಹಾಕಲಿ.

ನಿನ್ನ ಮಗಳು,
ಸುಮಾ