ಇಲ್ಲೂ ಪೌತಿ ಖಾತೆ ಆಗಿಲ್ಲ ಅಪ್ಪಾ

ಸ್ಯಾನ್ ಫ್ರಾನ್ಸಿಸ್ಕೋ, ಭಾನುವಾರ

ಅಪ್ಪಾ, ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಮ್ಮ ಕೊಟ್ಟ ಹುರುಳಿಕಾಳು ಮುಗಿದಿಲ್ಲ, ಮುಗಿದಿದೆ ಅಂದಿದ್ದು ಸುಮ್ನೆ, ಇನ್ನಷ್ಟು ಕಳಿಸಲಿ ಅಂತ.

ತೀರಿಹೋದ ತಾತನ ಹೆಸರಲ್ಲಿರೋ ಹೊಲವನ್ನ ನಿಮ್ಮ ಹೆಸರಿಗೆ ಮಾಡಿಸೋ ಪೌತಿ ಖಾತೆಗೆ ಚಿಕ್ಕಪ್ಪ ಮತ್ತೆ ತಕರಾರು ಹಾಕಿದ್ದಾರೆ ಅಂದ್ರಲ್ಲ, ಅದೇ ತಲೇಲಿ ಇಟ್ಕೊಂಡು ನಿನ್ನೆ ಇಲ್ಲಿನ ಹರ್ಬ್ಸ್ಟ್ ಥಿಯೇಟರ್ ಮುಂದೆ ನಿಂತಿದ್ದೆ. 1945ರ ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ, ಅಂದ್ರೆ ಅದರ ಮೂಲ ಒಪ್ಪಂದಕ್ಕೆ, ಸಹಿ ಬಿದ್ದಿದ್ದು ಈ ಕಟ್ಟಡದಲ್ಲೇ. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಒಬ್ಬರು ರಾಮಸ್ವಾಮಿ ಮುದಲಿಯಾರ್. ಮರುವರ್ಷವೇ ಅವರು ಮೈಸೂರಿನ ದಿವಾನರಾಗಿ ಬಂದರು, ಅಂದ್ರೆ ನಮ್ಮ ಚಿಂತಾಮಣಿಗೂ ಅವರೇ ದಿವಾನರು!

ಬಸ್ಸಲ್ಲಿ ಕೂತು ಆ ಸನ್ನದನ್ನ ಮೊಬೈಲಲ್ಲಿ ಓದಿದೆ. ನಮ್ಮ ಪಹಣಿಯೇ ವಾಸಿ ಅನ್ನಿಸ್ತು. ಭದ್ರತಾ ಮಂಡಳಿಯ ಕಾಯಂ ದೇಶಗಳನ್ನ ಹೆಸರಿಸೋ 23ನೇ ವಿಧಿಯಲ್ಲಿ ಇವತ್ತಿಗೂ ಸೋವಿಯತ್ ಒಕ್ಕೂಟದ ಹೆಸರೇ ಇದೆ, ಅದು ಹೋಗಿ ಮೂವತ್ತು ವರ್ಷದ ಮೇಲಾಯ್ತು. ಜಾಗದಲ್ಲಿ ರಷ್ಯಾ ಕೂತಿದೆ, ಕಾಗದ ಮಾತ್ರ ಹಳೇದು. ತಾತನ ಹೆಸರಿನ ಹೊಲದಲ್ಲಿ ನೀವು ರಾಗಿ ಬೆಳೀತಿಲ್ವಾ, ಹಾಗೆ. ಮಹಾಯುದ್ಧದಲ್ಲಿ ಎದುರಿಗಿದ್ದವರನ್ನ 'ಶತ್ರು ದೇಶ' ಅನ್ನೋ ಮಾತೂ ಹಾಗೇ ಉಳಿದಿದೆ. 2005ರಲ್ಲಿ ಎಲ್ಲ ದೇಶದವರೂ ಸೇರಿ ಅದನ್ನ ತೆಗೀತೀವಿ ಅಂದರು. ತೆಗೆದಿಲ್ಲ.

ಯಾಕೆ ಅಂತೀರಾ? ಒಂದಕ್ಷರ ಬದಲಾಗಬೇಕಾದರೂ 193 ದೇಶಗಳಲ್ಲಿ ಮೂರನೇ ಎರಡು ಭಾಗ, ಅಂದ್ರೆ 129, ಮೊದಲು ಸಭೇಲಿ ಮತ ಹಾಕಬೇಕು, ಆಮೇಲೆ ಅಷ್ಟೇ ದೇಶಗಳು ಊರಿಗೆ ಹೋಗಿ ತಮ್ಮ ಕಾನೂನಿನ ಪ್ರಕಾರ ಒಪ್ಪಿಗೆ ಕೊಡಬೇಕು, ಅದರಲ್ಲಿ ಕಾಯಂ ಜಾಗ ಇರೋ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಐದೂ ಇರಲೇಬೇಕು. ನಮ್ಮನೇಲಿ ಒಬ್ಬ ಚಿಕ್ಕಪ್ಪ, ಅಲ್ಲಿ ಐದು ಜನ. ಇಡೀ ಸನ್ನದನ್ನ ಮತ್ತೆ ನೋಡೋಕೆ ಸಭೆ ಕರೆಯೋಣ ಅಂತ 1955ರಲ್ಲೇ ತಾತ್ವಿಕವಾಗಿ ಒಪ್ಪಿದ್ದರು, ಆ ಸಭೆ ಇವತ್ತಿನವರೆಗೂ ಸೇರಿಲ್ಲ. ಭಾರತಕ್ಕೆ ಕಾಯಂ ಜಾಗ ಬೇಕು ಅಂತ ಟೀವೀಲಿ ಕಿರುಚಾಡೋರು ಇದನ್ನ ಹೇಳೋದೇ ಇಲ್ಲ.

ಆದ್ರೆ ಸನ್ನದು ಬದಲಾಗಿದ್ದೂ ಉಂಟು ಅಪ್ಪಾ, ಇದನ್ನ ಗಮನ ಇಟ್ಟು ಓದಿ. 1963ರಲ್ಲಿ ಭದ್ರತಾ ಮಂಡಳಿಯನ್ನ 11ರಿಂದ 15ಕ್ಕೆ ಏರಿಸೋ ತಿದ್ದುಪಡಿ ಬಂದಾಗ ಫ್ರಾನ್ಸ್, ಸೋವಿಯತ್ ಎರಡೂ ವಿರೋಧವಾಗಿ ಮತ ಹಾಕಿದ್ದವು. ಅಮೆರಿಕ, ಬ್ರಿಟನ್ ಯಾವ ಕಡೇನೂ ಇಲ್ಲ. ಎರಡು ವರ್ಷ ಕಳೆಯೋದರೊಳಗೆ ಐವರೂ ಒಪ್ಪಿಗೆ ಪತ್ರ ಕೊಟ್ಟಿದ್ದರು.

ಈ ಸಲ ಯುಗಾದಿಗೆ ಚಿಕ್ಕಪ್ಪನ್ನ ಊಟಕ್ಕೆ ಕರೀರಿ. ಒಬ್ಬಟ್ಟು ಬಡಿಸೋವರೆಗೂ ಪಹಣಿ ಮಾತು ಎತ್ತಬೇಡಿ.

ನಿಮ್ಮ ಮಗಳು