ರೆಸ್ಯೂಮೆ ಕಳಿಸುವ ಮುಂಚೆ ಇದನ್ನೊಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಗುಂಪಿಗೆ ಬರುವ ರೆಸ್ಯೂಮೆಗಳಲ್ಲಿ ಅದೇ ತಪ್ಪುಗಳು ಮರುಕಳಿಸುತ್ತಿವೆ.

ಡಿಸೈನ್ ಚೆಂದವಿದ್ದರೆ ಕರೆ ಬರುತ್ತದೆ ಅನ್ನುವುದು ಭ್ರಮೆ. ಎರಡು ಕಾಲಮ್ಮಿನ ಟೆಂಪ್ಲೇಟನ್ನು ಕಂಪನಿಯ ಸಾಫ್ಟ್‌ವೇರ್ ಕಲಸುಮೇಲೋಗರ ಮಾಡಿ ಓದುವುದುಂಟು. ಪಿಡಿಎಫ್ ತೆರೆದು, ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಸಾಲು ಹಿಂದುಮುಂದಾದರೆ ಒಂದೇ ಕಾಲಮ್ಮಿಗೆ ಬದಲಿಸಿ. ಅಕ್ಷರ ಸೆಲೆಕ್ಟೇ ಆಗದಿದ್ದರೆ ಅದು ಬರೀ ಚಿತ್ರ. ಸ್ಕ್ಯಾನ್ ಬಿಟ್ಟು ವರ್ಡ್‌ನಿಂದಲೇ ಪಿಡಿಎಫ್ ಮಾಡಿ. ತಂದೆಯ ಹೆಸರು, ಆಧಾರ್ ಸಂಖ್ಯೆ, ಕೊನೆಯ ‘ಡಿಕ್ಲರೇಷನ್’ ಖಾಸಗಿ ಕಂಪನಿಗೆ ಕಳಿಸುವಾಗ ಬೇಕಿಲ್ಲ.

ನಾಲ್ಕು ತಿಂಗಳ ಕೆಲಸ ಮುಚ್ಚಿಟ್ಟರೆ ಯಾರಿಗೂ ಗೊತ್ತಾಗಲ್ಲ ಅನ್ನುವವರು ಗಮನಿಸಿ: ಅಲ್ಲಿ ಪಿಎಫ್ ಕಟ್ಟಿದ್ದರೆ ಸೇರಿದ, ಬಿಟ್ಟ ತಾರೀಖು ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಸರ್ವಿಸ್ ಹಿಸ್ಟರಿಯಲ್ಲಿರುತ್ತದೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೊಟ್ಟ ಆಫರ್ ಕೂಡ ವಾಪಸ್ ಹೋಗಬಹುದು. ಸಂದರ್ಶನದಲ್ಲೇ ಎರಡು ಮಾತಲ್ಲಿ ಕಾರಣ ಹೇಳಿಬಿಡಿ. ಹಳೇ ಬಾಸ್ ಪುರಾಣ ಬೇಡ.

4,80,000 ಸಿಟಿಸಿ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದರೆ ತಿಂಗಳಿಗೆ 40,000 ಕೈಗೆ ಬರುತ್ತದೆ ಅಂತಲ್ಲ. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ, ಬೋನಸ್ ಎಲ್ಲ ಸಾಮಾನ್ಯವಾಗಿ ಅದರೊಳಗೇ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಬೇರೆ ಕಡಿತ. ಒಪ್ಪಿಕೊಳ್ಳುವ ಮೊದಲು ಎಚ್‌ಆರ್ ಹತ್ತಿರ ಸಂಬಳದ ಬ್ರೇಕಪ್ (ಯಾವುದಕ್ಕೆ ಎಷ್ಟು ಅನ್ನುವ ವಿವರ) ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೇನಿಂಗ್ ಫೀ ಅಂತ ಮೊದಲೇ ದುಡ್ಡು ಕೇಳಿದರೆ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.