ಅಮ್ಮನ್ನೂ ದಡಕ್ಕೆ ಇಳಿಸು

ಪಚ್ಚು,

ಡಿಸೆಂಬರಲ್ಲಿ ಹಡಗಿನ ಪ್ರವಾಸಕ್ಕೆ ಅಮ್ಮನ್ನೂ ಕರ್ಕೊಂಡು ಹೋಗ್ತೀವಿ ಅಂತ ಬರ್ದಿದ್ದ ನಿನ್ನ ಮೇಲ್ ಬಂತು. ಕ್ಯಾಬಿನ್ನು, ಊಟದ ಟೈಮು, ಮಕ್ಕಳ ಬಟ್ಟೆ, ಅದೆಲ್ಲ ನೀನು ಸರಿಯಾಗೇ ನೋಡ್ಕೊಂಡಿರ್ತೀಯ, ಅದ್ರ ಬಗ್ಗೆ ನಾನೇನೂ ಹೇಳಲ್ಲ. ಆದ್ರೆ ಕೊನೇಲಿ ಒಂದು ಮಾತು ಬರ್ದಿದ್ದೀಯಲ್ಲ, "ಅಮ್ಮ ನಡೆಯೋದು ನಿಧಾನ, ಅವಳಿಂದ ಲೇಟಾಗಿ ಹಡಗು ನಮ್ಮನ್ನ ಬಿಟ್ಟು ಹೋದ್ರೆ ಏನ್ ಗತಿ ದೊಡ್ಡಮ್ಮ, ಅದಕ್ಕೆ ಪೋರ್ಟಲ್ಲಿ ನಿಲ್ಲೋ ದಿನ ಅವಳು ಹಡಗಲ್ಲೇ ಇರ್ಲಿ, ಬಾಲ್ಕನಿಯಿಂದ ನೋಡ್ತಾಳೆ" ಅಂತ, ಅದನ್ನ ಓದಿದ್ಮೇಲೆ ಮನಸ್ಸಿಗೆ ಸಮಾಧಾನನೇ ಇಲ್ಲ. ಬೈಯೋಕೆ ಬರೀತಿಲ್ಲ ಕಣೋ. ನಿನ್ನ ಭಯ ಸುಳ್ಳೂ ಅಲ್ಲ. 2024ರಲ್ಲಿ ಆಫ್ರಿಕಾದ ಸಾವೊ ಟೋಮೆಯಲ್ಲಿ ಎಂಟು ಜನ ದಡದಲ್ಲೇ ಉಳಿದು ಹಡಗು ಹೊರಟೇ ಹೋಯ್ತಲ್ಲ, ಆ ಸುದ್ದಿ ನಾನೂ ಓದಿದ್ದೆ, ಪಾಪ ಅವ್ರು ದೇಶದಿಂದ ದೇಶಕ್ಕೆ ಅದರ ಹಿಂದೆ ಅಲೆದ್ರು. ಆದ್ರೆ ಅವ್ರು ಹೋಗಿದ್ದು ಹಡಗಿನವರ ಟೂರಲ್ಲಿ ಅಲ್ಲ, ಹೊರಗಡೆ ಸ್ವಂತ ಬುಕ್ ಮಾಡಿದ್ದು. ಹಡಗಿನವರೇ ಮಾರೋ ಟೂರಾದ್ರೆ ಬಸ್ಸು ಲೇಟಾದ್ರೂ ಕಾಯ್ತಾರೆ, ಕಾಯೋಕೆ ಆಗ್ದಿದ್ರೆ ಮುಂದಿನ ಪೋರ್ಟಿಗೆ ತಲುಪಿಸೋ ವ್ಯವಸ್ಥೆ ಅವ್ರೇ ಮಾಡ್ತಾರೆ. ದುಡ್ಡು ಜಾಸ್ತಿ, ಗೊತ್ತು. ನಿನ್ನ ಈ ಒಂದು ಭಯಕ್ಕೆ ಅಷ್ಟು ಕೊಟ್ಬಿಡು.

ನಾವು ಚಿಕ್ಕವರಿದ್ದಾಗ ಜೋಗಕ್ಕೆ ಹೋಗಿದ್ದು ನಿಮ್ಮಮ್ಮ ಹೇಳೇ ಇರ್ತಾಳೆ, ಸಾಗರದ ಬಸ್ಸು, ಮಳೆ, ಛತ್ರಿ ಹಾರಿದ್ದು ಎಲ್ಲ. ನಮ್ಮಜ್ಜಿ ವಿಷಯ ಹೇಳಿರಲ್ಲ, ನಿಮ್ಮಮ್ಮ ಆಗ ತುಂಬಾ ಚಿಕ್ಕವಳು. ವಾಪಸ್ ಬಸ್ಸು ತಪ್ಪೋಗತ್ತೆ, ಅಜ್ಜಿ ಅಷ್ಟು ದೂರ ನಡೆಯೋಷ್ಟರಲ್ಲಿ ಕತ್ತಲಾಗತ್ತೆ ಅಂತ ಅಪ್ಪ ಅವ್ರನ್ನ ಬಸ್ಸು ನಿಲ್ಲೋ ಜಾಗದಲ್ಲಿ ಒಂದು ಕಟ್ಟೆ ಮೇಲೆ ಚೀಲಗಳ ಜೊತೆ ಕೂರ್ಸಿ ನಮ್ಮನ್ನ ಕರ್ಕೊಂಡು ಹೋದ್ರು. ಅಜ್ಜಿಗೆ ನೀರಿನ ಸದ್ದು ಮಾತ್ರ ಕೇಳ್ತಿತ್ತು. ನಾವು ಬಂದ ತಕ್ಷಣ "ಎಷ್ಟು ಕವಲಾಗಿ ಬೀಳತ್ತೇ?" ಅಂತ ನನ್ನ ಕೇಳಿದ್ರು, ರಾಜ ಇಲ್ಲಿ, ರಾಣಿ ಇಲ್ಲಿ, ರೋರರ್ ಇಲ್ಲಿ, ರಾಕೆಟ್ ಇಲ್ಲಿ ಅಂತ ನಾನು ಕೈಯಲ್ಲಿ ಗಾಳಿಲಿ ತೋರಿಸ್ದೆ. ಆಮೇಲೆ ಬಸ್ಸು ಎಷ್ಟೋ ಹೊತ್ತು ಬರ್ಲೇ ಇಲ್ಲ ಪಚ್ಚು. ಅಷ್ಟು ಹೊತ್ತಲ್ಲಿ ಅಜ್ಜಿನ ಕೈ ಹಿಡ್ದು ನಿಧಾನಕ್ಕೆ ಕರ್ಕೊಂಡು ಹೋಗಿ ಬರಬಹುದಿತ್ತು. ದೊಡ್ಡವರು ಯಾರಿಗೂ ಅದು ಹೊಳೀಲಿಲ್ಲ, ನನಗೆ ಹೊಳೀತು, ಆದ್ರೆ ಅಪ್ಪನ ಎದುರು ಹೇಳೋ ಧೈರ್ಯ ಬರ್ಲಿಲ್ಲ. ಅಜ್ಜಿ ಮತ್ತೆ ಆ ಕಡೆ ಹೋಗ್ಲೇ ಇಲ್ಲ.

ಅದಕ್ಕೇ ನಿನ್ನ ಆ ಸಾಲು ನಂಗೆ ಚುಚ್ಚಿದ್ದು. ಬಾಲ್ಕನಿಯಿಂದ ಏನು ಕಾಣತ್ತೆ ಹೇಳು, ಸಿಮೆಂಟ್ ಕಟ್ಟೆ, ಇಲ್ಲ ಪಕ್ಕದಲ್ಲಿ ನಿಂತಿರೋ ಇನ್ನೊಂದು ಹಡಗು.

ಟೆಕ್ಸಾಸ್‌ನ ಗಾಲ್ವೆಸ್ಟನ್‌ನಿಂದ ಹೊರಟು ಫಾಲ್‌ಮತ್, ಗ್ರ್ಯಾಂಡ್ ಕೇಮನ್ ದ್ವೀಪ, ಮೆಕ್ಸಿಕೋದ ಕೊಜುಮೆಲ್ ದ್ವೀಪ ಅಂದಿದ್ದೀಯ. ಇದ್ರಲ್ಲಿ ಜಮೈಕಾದ ಫಾಲ್‌ಮತ್ ಒಂದೇ ಸಾಕು ನಿಮ್ಮಮ್ಮನಿಗೆ. ಅಲ್ಲಿ ಹಡಗು ಊರಿನ ಬಾಗಿಲಿಗೇ ಬಂದು ನಿಲ್ಲತ್ತೆ, ಪೋರ್ಟಿನ ಗೇಟ್ ದಾಟಿದ್ರೆ ಊರೇ, ಯಾವ ಬಸ್ಸೂ ಬೇಡ, ತಪ್ಪಿಸ್ಕೊಳ್ಳೋ ಪ್ರಶ್ನೆನೇ ಇಲ್ಲ, ತಲೆ ಎತ್ತಿದ್ರೆ ಹಡಗು ಕಾಣ್ತಿರತ್ತೆ. 1769ರಲ್ಲಿ ಹುಟ್ಟಿದ ಊರು, ಸುತ್ತಲ ಕಬ್ಬಿನ ತೋಟಗಳ ಸಕ್ಕರೆ, ರಮ್ಮು ಎಲ್ಲ ಅಲ್ಲಿಂದ ಸಾಗ್ತಿತ್ತು, ಆಫ್ರಿಕಾದಿಂದ ಹಿಡಿದು ತಂದವರ ಬೆನ್ನ ಮೇಲೆ ಬೆಳೆದ ಊರು ಅದು. ಗುಲಾಮಗಿರಿ ನಿಂತ ಮೇಲೆ 1845ರಿಂದ ನಮ್ಮ ದೇಶದವರನ್ನೂ ಕರಾರಿನ ಮೇಲೆ ಕೂಲಿಗೆ ಅಂತ ಜಮೈಕಾಗೆ ತಂದ್ರು, ಅವ್ರ ಜೊತೆ ಬಂದ ರೊಟ್ಟಿ, ಕರಿ ಈಗ ಆ ದೇಶದ್ದೇ ಊಟ ಆಗ್ಬಿಟ್ಟಿದೆ. ಕಲಲೂ ಅಂತ ಒಂದು ಸೊಪ್ಪು ಇಟ್ಟಿರ್ತಾರೆ ನೋಡು, ಅದು ನಮ್ಮ ಹರಿವೆ ಜಾತಿದೇ. ಮಾರ್ಕೆಟ್ಟಲ್ಲಿ ಕಂಡ್ರೆ ಏನು ಅಂತ ನೀನು ಹೇಳ್ಬೇಡ, ನಿಮ್ಮಮ್ಮ ಎಲೆ ಮುಟ್ಟಿ ತಾನೇ ಗುರುತು ಹಿಡೀತಾಳೆ. ಮಾರೋರ ಜೊತೆ ಮಾತಿಗೆ ನಿಂತ್ಕೊಂಡ್ರೆ ನಿಂತ್ಕೊಳ್ಳಿ ಬಿಡು, ಎಳೀಬೇಡ.

ಡನ್ಸ್ ರಿವರ್ ಫಾಲ್ಸ್ ಅಂತ ಮಕ್ಕಳು ಹಟ ಮಾಡ್ಬಹುದು. ಅದು ಓಚೊ ರಿಯೋಸ್ ಕಡೆ ಇರೋದು, ಬಸ್ಸಲ್ಲಿ ದೂರ, ಜಾರೋ ಬಂಡೆ ಮೇಲೆ ಒಬ್ಬರ ಕೈ ಒಬ್ಬರು ಹಿಡ್ಕೊಂಡು ನೀರಲ್ಲೇ ಹತ್ಬೇಕು, ಅವಳಿಗೆ ಬೇಡ. ಅದ್ರ ಬದಲು ಮಾರ್ಥಾ ಬ್ರೇ ಹೊಳೆಯಲ್ಲಿ ಬಿದಿರಿನ ತೆಪ್ಪ ಇದೆ, ಫಾಲ್‌ಮತ್‌ಗೆ ಹತ್ರನೇ, ಸುಮಾರು 3 ಮೈಲಿ, ಒಂದು ಗಂಟೆ ಮೇಲಾಗತ್ತೆ, ತೆಪ್ಪಕ್ಕೆ ದೊಡ್ಡವರು ಇಬ್ಬರೇ, ಬೆಂಚ್ ಮೇಲೆ ಕೂತ್ಕೊಂಡ್ರೆ ಆಯ್ತು, ಕೋಲು ಊರಿ ತೆಪ್ಪ ತಳ್ಳೋನು ಅಂಬಿಗ. ಹತ್ತೋವಾಗ ಇಳಿಯೋವಾಗ ಮಾತ್ರ ನೀನೇ ಕೈ ಹಿಡಿ. ಅಮ್ಮನ ತೆಪ್ಪದಲ್ಲಿ ನೀನೇ ಕೂತ್ಕೋ, ಮಕ್ಕಳ ಜೊತೆ ನಿನ್ನ ಹೆಂಡ್ತಿ ಕೂರ್ಲಿ. ಇದನ್ನೆಲ್ಲ ಹೇಳೋಕೆ ನಾನ್ಯಾರು ಅನ್ಕೊಂಡ್ರೂ ಪರವಾಗಿಲ್ಲ.

ಕೇಮನ್ ವಿಷಯದಲ್ಲಿ ಮಾತ್ರ ನಿನ್ನ ಭಯಕ್ಕೆ ಸ್ವಲ್ಪ ಅರ್ಥ ಇದೆ. ಜಾರ್ಜ್ ಟೌನ್‌ನಲ್ಲಿ ದೊಡ್ಡ ಹಡಗು ನಿಲ್ಲೋ ಕಟ್ಟೆನೇ ಇಲ್ಲ, ಸಮುದ್ರದಲ್ಲೇ ನಿಂತು ಟೆಂಡರ್ ಅಂತ ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡ್ತಾರೆ. ಅಲೆ ಇದ್ರೆ ದೋಣಿಗೆ ಕಾಲಿಡೋದು ಕಷ್ಟ, ವೀಲ್‌ಚೇರ್ ಹತ್ಸಲ್ಲ ಅಂತಲೂ ಅನ್ಬಹುದು, ಗಾಳಿ ಜೋರಾದ್ರೆ ಕ್ಯಾಪ್ಟನ್ ಆ ಪೋರ್ಟನ್ನೇ ಬಿಟ್ಬಿಡ್ತಾರೆ. ಕೊನೇ ಟೆಂಡರಿಗೆ ಕಾಯ್ಬೇಡ, ಕ್ಯೂ ಉದ್ದ ಇರತ್ತೆ, ಅದಕ್ಕಿಂತ ಬಹಳ ಮುಂಚೆನೇ ಬಂದ್ಬಿಡು. ಅಲ್ಲಿ ಎಲ್ಲರೂ ಹೋಗೋದು ಸ್ಟಿಂಗ್‌ರೇ ಸಿಟಿಗೆ, ಹೆಸರಿಗೆ ಸಿಟಿ, ಸಮುದ್ರದಲ್ಲೇ ಆಳ ಕಮ್ಮಿ ಇರೋ ಜಾಗ ಅದು, ಹಿಂದೆ ಮೀನುಗಾರರು ಮೀನು ಕ್ಲೀನ್ ಮಾಡಿ ಉಳಿದಿದ್ದನ್ನ ಅಲ್ಲೇ ಎಸೀತಿದ್ರಂತೆ, ಆ ರುಚಿಗೆ ಬಂದ ಸ್ಟಿಂಗ್‌ರೇ ಅನ್ನೋ ಚಪ್ಪಟೆ ಮೀನುಗಳು ಈಗ್ಲೂ ಸೊಂಟದ ಮಟ್ಟದ ನೀರಲ್ಲಿ ಜನರ ಕಾಲ ಸುತ್ತ ಓಡಾಡ್ತವೆ. ಮಕ್ಕಳಿಗೆ ಹುಚ್ಚು ಹಿಡಿಸತ್ತೆ. ನೀರಿಗೆ ಇಳೀಲೇಬೇಕು ಅಂತೇನಿಲ್ಲ, ಅಮ್ಮ ದೋಣಿಯಲ್ಲೇ ಕೂತು ನೋಡಬಹುದು, ನೀರು ಅಷ್ಟು ತಿಳಿ. ಇಲ್ಲಾಂದ್ರೆ ಗಾಜಿನ ತಳದ ದೋಣಿ, ಕಮ್ಮಿ ಹೊತ್ತು. ಬೆಳಿಗ್ಗೆ ಅಲೆ ನೋಡಿ ಅವಳಿಗೆ ಬೇಡ ಅನ್ಸಿದ್ರೆ ಆ ಒಂದು ದಿನ ಇರ್ಲಿ, ಆದ್ರೆ ನಿಮ್ಮಲ್ಲಿ ಒಬ್ಬರು ಜೊತೇಲಿರಿ.

ಕೊಜುಮೆಲ್ ಬಗ್ಗೆ ಬರಿಯೋಕೆ ನಂಗೆ ಸ್ವಲ್ಪ ಕಷ್ಟ. ನಿಮ್ಮ ದೊಡ್ಡಪ್ಪಂಗೆ ಮಂಡಿ ನೋವು ಜಾಸ್ತಿ ಆಗಿದ್ದ ಟೈಮಲ್ಲಿ ಅಲ್ಲಿಗೆ ಹೋಗಿದ್ವಿ. "ನಾನು ಹಡಗಲ್ಲೇ ಇರ್ತೀನಿ, ನೀನು ಹೋಗ್ಬಾ" ಅಂದ್ರು, ನಾನು ಎರಡನೇ ಸಲ ಕೇಳ್ಲಿಲ್ಲ, ತುಲುಮ್‌ಗೆ ಹೋದೆ. ಕೊಜುಮೆಲ್‌ನಿಂದ ಫೆರಿಯಲ್ಲಿ ಎದುರು ದಡದ ಪ್ಲಾಯಾ ಡೆಲ್ ಕಾರ್ಮೆನ್, ಅಲ್ಲಿಂದ ಮತ್ತೆ ಬಸ್ಸು, ಇಡೀ ದಿನ ಅದೇ ಆಗತ್ತೆ, ಮೇಲೆ ಬಿಸಿಲು, ನೆರಳೇ ಕಮ್ಮಿ. ಆ ಕಡೆ ಹಿಂದೆ ಆಳಿದ ಮಾಯಾ ಜನರ ಕೋಟೆ, ಕೆಳಗೆ ಆ ನೀಲಿ ಸಮುದ್ರ, ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, "ಇಲ್ನೋಡಿ" ಅಂತ ತಿರುಗಿದೆ, ಪಕ್ಕದಲ್ಲಿ ಯಾರೋ ಬೇರೆಯವರು. ಆಮೇಲೆ ಗೊತ್ತಾಯ್ತು, ದ್ವೀಪದಲ್ಲೇ ಸಾನ್ ಹೆರ್ವಾಸಿಯೊ ಅಂತ ಇನ್ನೊಂದು ಮಾಯಾ ಜಾಗ ಇದೆ, ಇಶ್ಚೆಲ್ ಅನ್ನೋ ದೇವಿದು, ಹೆರಿಗೆ, ಔಷಧಿ, ಚಂದ್ರ ಎಲ್ಲ ಅವಳದ್ದೇ ಅಂತಾರೆ, ಹೆಂಗಸರು ಸಮುದ್ರ ದಾಟಿ ಹರಕೆಗೆ ಬರ್ತಿದ್ರಂತೆ. ನೆಲ ಮಟ್ಟಸ, ಫೆರಿ ಬೇಡ, ಟ್ಯಾಕ್ಸಿಯಲ್ಲಿ ಹೋಗಿ ಮಧ್ಯಾಹ್ನಕ್ಕೆ ವಾಪಸ್. ನಿಮ್ಮ ದೊಡ್ಡಪ್ಪ ಕೋಲು ಊರ್ಕೊಂಡು ಅಲ್ಲಿಗೆ ಖಂಡಿತ ಬರ್ತಿದ್ರು. ಈಗ ಕೇಳೋಣ ಅಂದ್ರೆ ಅವ್ರಿಲ್ಲ. ನಿಮ್ಮಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗು, ಕಲ್ಲು ಅಲ್ಲಲ್ಲಿ ಎತ್ತರ ತಗ್ಗು ಇದೆ, ಜಾರದ ಚಪ್ಪಲಿ ಹಾಕ್ಸು. ಟ್ಯಾಕ್ಸಿ ಹತ್ತೋ ಮುಂಚೆ ರೇಟು ಕೇಳ್ಕೋ.

ಗಡಿಯಾರದ್ದು ಮರ್ತಿದ್ದೆ. ಜಮೈಕಾ, ಕೇಮನ್, ಕೊಜುಮೆಲ್ ಮೂರೂ ಕಡೆ ವರ್ಷವಿಡೀ ಒಂದೇ ಟೈಮು, ಡಿಸೆಂಬರಲ್ಲಿ ಅದು ಟೆಕ್ಸಾಸ್‌ಗಿಂತ ಒಂದು ಗಂಟೆ ಮುಂದೆ. ಹಡಗು ತನ್ನದೇ ಟೈಮ್ ಇಟ್ಕೊಂಡಿರಬಹುದು, ಫೋನು ದಡದ ಟೈಮಿಗೆ ತಾನಾಗೇ ಬದಲಾಗ್ಬಿಡತ್ತೆ. ಬೇಸಿಗೇಲಿ ಮಯಾಮಿಯಿಂದ ಹೋಗೋರಿಗೆ ಇದೇ ಉಲ್ಟಾ, ಕೊಜುಮೆಲ್‌ನಲ್ಲಿ ಫೋನು ಹಿಂದೆ ಬೀಳತ್ತೆ, ದಡದ ಮೇಲೆ ಓಡೋರಲ್ಲಿ ಅಂಥವರೂ ಇರ್ತಾರೆ. ಕೈಗೆ ಒಂದು ಹಳೇ ವಾಚ್ ಕಟ್ಕೊಂಡು ಹಡಗಿನ ಟೈಮಿಗೆ ಇಟ್ಕೋ, ಆಲ್ ಅಬೋರ್ಡ್, ಅಂದ್ರೆ ಎಲ್ಲರೂ ಹಡಗು ಹತ್ತಿರಬೇಕಾದ ಟೈಮು, ಅಂತ ಬರ್ದಿರೋದು ಹೊರಡೋ ಟೈಮಿಗಿಂತ ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ, ನೀನು ಅದಕ್ಕಿಂತ ಇನ್ನೂ ಒಂದು ಗಂಟೆ ಮುಂಚೆ ಬಾ. ಇಷ್ಟು ಮಾಡಿದ್ರೆ ಅಮ್ಮ ಎಷ್ಟು ನಿಧಾನ ನಡೆದ್ರೂ ಹಡಗು ಎಲ್ಲಿಗೂ ಹೋಗಲ್ಲ ಪಚ್ಚು.

ಅವಳ ಎದುರು ಮಾತ್ರ ಈ "ಲೇಟಾದ್ರೆ" ಅನ್ನೋ ಮಾತು ಆಡ್ಬೇಡ. ಆಡಿದ್ಯೋ, ಅವಳೇ "ನಂಗೆ ಕಾಲು ನೋವು, ನೀವು ಹೋಗ್ಬನ್ನಿ" ಅಂತಾಳೆ, ನೀನು ನಂಬ್ತೀಯ, ಇಬ್ಬರಿಗೂ ಅದೇ ಸಲೀಸು ಅನ್ಸತ್ತೆ. ನಾನೂ ನಂಬಿದ್ದೆ. ಎರಡನೇ ಸಲ ಕೇಳು, ಮೂರನೇ ಸಲ ಕೇಳು.

ಅವಳ ವೀಸಾ ಮಲ್ಟಿಪಲ್ ಎಂಟ್ರಿ ತಾನೇ? ಒಂದ್ಸಲ ತೆಗ್ದು ನೋಡು, ಅಮೆರಿಕಕ್ಕೆ ವಾಪಸ್ ಬರ್ಬೇಕಲ್ಲ. ವೀಲ್‌ಚೇರ್ ಬೇಕಾದ್ರೆ ಈಗ್ಲೇ ಹೇಳಿಡು, ಹಡಗು ಹತ್ತಿದ್ಮೇಲೆ ಕೇಳಿದ್ರೆ ಸಿಗೋದು ಕಷ್ಟ. ಟೂರ್ ಲಿಸ್ಟಲ್ಲಿ ಎಷ್ಟು ನಡೀಬೇಕು ಅಂತ ಒಂದು ಗುರುತು ಹಾಕಿರ್ತಾರೆ, ಅದನ್ನ ನೋಡ್ದೇ ಬುಕ್ ಮಾಡ್ಬೇಡ. ಶನಿವಾರ ಅವಳನ್ನೂ ಫೋನಲ್ಲಿ ಸೇರ್ಸು, ಲಿಸ್ಟ್ ನೀನು ಓದು, ಯಾವ್ದು ಬೇಕು ಅಂತ ಅವಳೇ ಹೇಳ್ಲಿ, ಬುಕ್ ಆಮೇಲೆ ಮಾಡು.

ನಿನ್ನ
ದೊಡ್ಡಮ್ಮ